ಭಾನುವಾರದ ಚಿಕ್ಕಪೇಟೆ

ಮಾರ್ಚ್ 9, ಭಾನುವಾರ

ಇವತ್ತೂ ಮೂರು ಗೂಡ್ಸ್ ಆಟೋಗೆ ಮೆಸೇಜ್ ಕಳಿಸುವ ರೇಡಿಯೋ ಪೆಟ್ಟಿಗೆ ಕಟ್ಟಿದೆವು. ದೊಡ್ಡಪ್ಪನ ಸೀರೆ ಅಂಗಡಿಯ ಆಟೋಗಳು. ಮುಂದಿನ ಗಾಡಿ ಬ್ರೇಕ್ ಹಾಕಿದರೆ ಸುದ್ದಿ ಒಂದರಿಂದ ಒಂದಕ್ಕೆ ದಾಟಿ ಕೊನೆಯ ಗಾಡಿಗೆ ಮುಟ್ಟಬೇಕು. ನನ್ನ ಜೊತೆಗಾರ ವಂಶಿ ಪವರ್ ಪೂರ್ತಿ ಏರಿಸಿದ. ಚಿಕ್ಕಪೇಟೆಯಲ್ಲಿ ಒಂದೂ ಮೆಸೇಜ್ ತಪ್ಪಲಿಲ್ಲ! ಕುಣಿದುಬಿಟ್ಟೆ. ಶುಕ್ರವಾರ ಗೈಡ್ ಗಿರಿಜಾಂಬಾ ಮೇಡಂ ನೋಡಲು ಬರುತ್ತಾರೆ. ಒಪ್ಪಿದರೆ ನನ್ನ ಪಿಎಚ್.ಡಿ. ನಿಜವಾದ ರಸ್ತೆಯಲ್ಲಿ. ಇಲ್ಲದಿದ್ದರೆ ಕಂಪ್ಯೂಟರಿನ ಮುಂದೆ ಸಿಮ್ಯುಲೇಶನ್ನೇ ಗತಿ.

ಮಾರ್ಚ್ 10, ಸೋಮವಾರ

ಮೇಡಂ ಹತ್ತಿರ ಫೋನಿನಲ್ಲಿ ಜಂಬ ಕೊಚ್ಚಿಕೊಂಡೆ.

"ಭಾನುವಾರ ಅಂಗಡಿ ಎಲ್ಲಾ ಬಾಗಿಲು ಹಾಕಿರತ್ತಲ್ಲಮ್ಮ. ಅದೂ ಒಂದು ಚಿಕ್ಕಪೇಟೆನಾ?"

ಅಯ್ಯೋ! ಪೇಟೆಯಲ್ಲೇ ಹುಟ್ಟಿ ಬೆಳೆದವಳು ನಾನು. ಇದು ಹೊಳೆಯಲೇ ಇಲ್ಲವಲ್ಲ! ಕೆಲಸದ ದಿನ ಓಡಿಸಿ ನೋಡಲು ಅಕ್ಕಪಕ್ಕದ ಅಂಗಡಿಗಳ ಆಟೋಗಳನ್ನೂ ಕೊಡಿಸಿ ಎಂದು ದೊಡ್ಡಪ್ಪನನ್ನು ಕಾಡಿದೆ.

"ಏನಾದ್ರೂ ಕೆಡಿಸ್ಬಿಟ್ರೆ ನನ್ ಮರ್ಯಾದೆ ಹೋಗತ್ತೆ, ನೋಡ್ಕೊ ಮಾನಸಾ," ಎಂದರು. ಒಪ್ಪಿದರು!

ಮಾರ್ಚ್ 13, ಗುರುವಾರ

ಬರೆಯಲು ಮನಸ್ಸೇ ಇರಲಿಲ್ಲ. ಗಾಡಿ ತುಂಬಿದ ಗಲ್ಲಿಯಲ್ಲಿ ಎರಡು ದಿನವೂ ಅರ್ಧ ಮೆಸೇಜ್ ಮಾಯ. ಇವತ್ತು ತಿಂಡಿ ತಿನ್ನುವಾಗ ಹೊಳೆಯಿತು — ಮದುವೆ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ "ಸಾರು, ಸಾರು" ಎಂದು ಕೂಗಿದ ಹಾಗಾಗಿದೆ. ಯಾರ ಕೂಗೂ ತಿಳಿಯುವುದಿಲ್ಲ. ಪವರ್ ಇಳಿಸಿದೆ.

"ತಲೆ ಕೆಟ್ಟಿದ್ಯಾ ಮಗಾ? ಇಳಿಸಿದ್ರೆ ತಲುಪತ್ತಾ?" — ವಂಶಿ.

ತಲುಪಿತು! ಪಕ್ಕದ ಗಾಡಿಗೆ ಹೇಳಿದರೆ ಸಾಕು, ಅದು ತನ್ನ ಹಿಂದಿನದಕ್ಕೆ ಹೇಳುತ್ತದೆ. ಆದರೆ ಅಗಲವಾದ ಕೆ.ಆರ್. ರಸ್ತೆಯಲ್ಲಿ ಗಾಡಿಗಳು ದೂರವಾದವು, ಕೊಂಡಿ ಕಡಿಯಿತು. ಸರಿ — ಸುತ್ತ ಗಾಡಿ ಜಾಸ್ತಿಯಿದ್ದರೆ ಪೆಟ್ಟಿಗೆ ತಾನೇ ಪವರ್ ಇಳಿಸಲಿ, ಕಡಿಮೆಯಿದ್ದರೆ ಏರಿಸಲಿ. ಕೋಡ್ ಬರೆದಾಯಿತು. ಓಡಿಸಿ ನೋಡಲು ಸಮಯವಿಲ್ಲ. ಹೆದರಿಕೆಯೂ ಹೌದು, ಖುಷಿಯೂ ಹೌದು.

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ 11

ಕೊನೆಯ ಆಟೋದಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ. ಮೇಡಂ ಸೀರೆ ಗಂಟಿನ ಮೇಲೆ ಕೂತಿದ್ದಾರೆ. ಗಲ್ಲಿಯಲ್ಲಿ ಎಲ್ಲ ಸರಿಹೋಯಿತು.

ಈಗ ಕೆ.ಆರ್. ರಸ್ತೆ. ಗಾಡಿಗಳು ದೂರ ದೂರ... ಪವರ್ ಏರುತ್ತಿಲ್ಲ. ಏರು ತಾಯಿ, ಏರು... ಏರಿತು! ಎಲ್ಲಕ್ಕಿಂತ ಮುಂದಿನ ಆಟೋದಲ್ಲಿರುವ ವಂಶಿ ಬ್ರೇಕ್ ಹಾಕಿಸಿದ — ಇಲ್ಲಿ ನಮ್ಮ ಪೆಟ್ಟಿಗೆಯ ಕೆಂಪು ದೀಪ ಹತ್ತಿತು!!

ಮೇಡಂ ನಗುತ್ತಿದ್ದಾರೆ. "ಒಪ್ಪಿಗೆ ಫಾರ್ಮ್ ತಂದಿದ್ಯೇನಮ್ಮ? ಇಲ್ಲೇ ಸೈನ್ ಹಾಕ್ತೀನಿ. ಆ ಪೆನ್ನು ಕೊ—