ಉಳಿದ ಬಿದಿರು

ಬದನವಾಳು
೧೪-೧೦-೨೦೦೧, ಭಾನುವಾರ

ನನ್ನ ಮುದ್ದಿನ ಮಗಳು ರಂಜಿನಿಗೆ,

ನಿನ್ನ ಅಪ್ಪ ಮಾಡುವ ಆಶೀರ್ವಾದ. ಹೇಗಿದ್ದೀಯ? ಹಳೆಯ ಬಿಲ್ಲು ಸೀಳಿದಾಗ ಮುಂಗೈಗೆ ಬಿದ್ದ ಪೆಟ್ಟು ಮಾಗಿತೇ? ಬೆಳಗಾವಿ ಕ್ರೀಡಾ ಹಾಸ್ಟೆಲಿನ ಜೋಳದ ರೊಟ್ಟಿ ಈಗಲಾದರೂ ಗಂಟಲಲ್ಲಿ ಇಳಿಯುತ್ತಿದೆಯೇ, ಇಲ್ಲ ಇನ್ನೂ ಮುದ್ದೆ ಮುದ್ದೆ ಎಂದು ಜಪ ಮಾಡುತ್ತಿದ್ದೀಯೋ? ಇಲ್ಲಿ ನಿನ್ನ ಅಮ್ಮ ಕೋಮಲ ಕ್ಷೇಮ. ಅಂದರೆ ದಿನಕ್ಕೆ ನಾಲ್ಕು ಸಲ ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ. ನಿನ್ನ ತಾತನಿಗೆ ಕಿವಿ ಪೂರಾ ಹೋಯಿತು. ತಲೆಯ ಪಕ್ಕ ಪಟಾಕಿ ಸಿಡಿಸಿದರೂ ತಿರುಗಿ ನೋಡುವುದಿಲ್ಲ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ನವೆಂಬರ್ ಐದಕ್ಕೆ ಸೆಲೆಕ್ಷನ್, ಅಷ್ಟರಲ್ಲಿ ಸ್ವಂತ ಬಿಲ್ಲು ಇಲ್ಲದಿದ್ದರೆ ಹಾಸ್ಟೆಲಿನಿಂದ ಗಂಟುಮೂಟೆ ಕಟ್ಟಬೇಕು ಎಂದು ನೀನು ಬರೆದ ಕಾಗದ ಸಿಕ್ಕಿದ ದಿನವೇ ಕೆಲಸಕ್ಕೆ ಕೂತೆ. ಬಿಲ್ಲಿನ ಹೊಟ್ಟೆಗೆ, ನಮ್ಮ ಕಡೆ ಬರುವ ಮೈಗೆ, ತಡಸಲು ಮರದ ಪಟ್ಟಿ ಇತ್ತು. ಹೊರಗಿನ ಬೆನ್ನಿಗೆ ಬಿದಿರು ಬೇಕು. ಹಸಿ ಬಿದಿರು ತಂದರೆ ಆರು ತಿಂಗಳು ಒಣಗಬೇಕು, ಅಲ್ಲಿಯವರೆಗೆ ಅಂಟು ಹಿಡಿಯುವುದೇ ಇಲ್ಲ. ಮನೆಯಲ್ಲಿ ಒಣಗಿದ್ದು ಒಂದೇ ತುಂಡು, ಅಟ್ಟದ ಮೇಲೆ. ಅದು ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕೊಡುವ ಅಪ್ಪ ನಾನಲ್ಲ. ಫೆಬ್ರವರಿಯಲ್ಲಿ ನಿನ್ನ ಅಜ್ಜಿ ಮಾದಮ್ಮ ತೀರಿಕೊಂಡಾಗ ಚಟ್ಟ ಕಟ್ಟಿ ಉಳಿದ ಬಿದಿರು ಅದು. ನೀನು ಮಣ್ಣಾದ ಮೇಲೆ ಹಾಲುತುಪ್ಪದ ದಿನ ಬಂದವಳು, ನಿನಗೆ ಗೊತ್ತಿಲ್ಲ. ಚಟ್ಟದ್ದು ಒಂದು ಕಡ್ಡಿ ಉಳಿದರೂ ಸತ್ತವರ ಜೊತೆಗೇ ಹೋಗಬೇಕು, ಮನೆಯಲ್ಲಿ ನಿಲ್ಲಬಾರದು ಎನ್ನುವುದು ನಮ್ಮ ಬೀದಿಯ ಪದ್ಧತಿ. ಪಕ್ಕದ ಮನೆಯ ಚಿಕ್ಕಮಾದು ಅಂದೇ ಗದರಿದ್ದ: “ಅದ ಯಾಕ್ಲಾ ಒಳಕ್ಕ ತಗಂಡೋದಯಾ? ಮಸಣಕ್ಕ ಎಸ್ದುಬುಡು.” ಗೆಣ್ಣು ದೂರ ದೂರ ಇರುವ, ನೂಲು ಹಿಡಿದಷ್ಟು ನೆಟ್ಟಗಿನ ಬಿದಿರು. ಬಡಗಿಯ ಕಣ್ಣು ಕೇಳಬೇಕಲ್ಲ. ಎತ್ತಿಟ್ಟುಬಿಟ್ಟೆ. ವಿಹಾರಕ್ಕೆ ಹೋಗಿ ಬುದ್ಧನ ಮುಂದೆ ಕೂರುವವನು ಇದಕ್ಕೆಲ್ಲ ಹೆದರುವುದೇ ಎಂದು ನನಗೆ ನಾನೇ ಹೇಳಿಕೊಂಡೆ.

ಸೀಳಿ, ಒಳಮೈಗೆ ಉಜ್ಜುಗೊರಡು ಹಾಕುವಾಗ ಉದುರಿದ ಹೊಟ್ಟಿಗೆ ಬಿದಿರಿನ ವಾಸನೆ ಇರಲಿಲ್ಲ. ಹೊಗೆಸೊಪ್ಪಿನ ಕಡ್ಡಿಪುಡಿಯ ವಾಸನೆ ಇತ್ತು. ಅಜ್ಜಿ ಕೆಳದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಅದೇ ಘಾಟು. ಅವಳ ಎಲೆಅಡಿಕೆ ಚೀಲ ಅಟ್ಟದ ಮೇಲೆ ಪಕ್ಕದಲ್ಲಿ ಇದ್ದಿರಬೇಕೆಂದು ಹತ್ತಿ ಹುಡುಕಿದೆ, ಅಂಥದ್ದೇನೂ ಇರಲಿಲ್ಲ. ಇರಲಿ ಎಂದು ಎರಡು ಡಬ್ಬಿಯದನ್ನು ಬೆರೆಸಿ ಅಂಟು ಕಲಸಿ, ತಡಸಲಿನ ಮೇಲೆ ಬಿದಿರು ಕೂರಿಸಿ, ಅಚ್ಚಿನ ಹಲಗೆಗೆ ಬಗ್ಗಿಸಿ, ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಉದ್ದಕ್ಕೂ ಬಿಗಿದು ಸುತ್ತಿದೆ. ಆಮೇಲೆ ನಮ್ಮ ಬಲ್ಬಿನ ಪೆಟ್ಟಿಗೆ ನಿನಗೆ ಗೊತ್ತೇ ಇದೆ. ಒಳಗೆ ಮಲಗಿಸಿ, ನಾಲ್ಕು ಬಲ್ಬು ಉರಿಸಿ, ಹಗಲೆಲ್ಲ ಕಾವು ಕೊಡಬೇಕು. ಕಾವು ಸಾಲದಿದ್ದರೆ ಅಂಟು ಮೆತ್ತಗೇ ಉಳಿದು, ಜೋರಾಗಿ ಎಳೆದ ದಿನ ಬಿಟ್ಟುಕೊಳ್ಳುತ್ತದೆ.

ಬೆಳಿಗ್ಗೆ ಎಂಟಕ್ಕೆ ಬಲ್ಬು ಹಾಕಿದೆ, ಒಂಬತ್ತಕ್ಕೆ ಕರೆಂಟ್ ಹೋಯಿತು. ಸಂಜೆಯಾದರೂ ಬರಲಿಲ್ಲ. ಬಿಲ್ಲು ಕೆಟ್ಟಿತು, ಮಗಳ ಓದು, ಆಟ ಎಲ್ಲ ಕೆಟ್ಟಿತು ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದವನು ನಾಲ್ಕು ಗಂಟೆಗೆ ಮುಚ್ಚಳ ತೆಗೆದು ಕೈಯಿಟ್ಟೆ. ರಂಜಿನಿ, ಬಲ್ಬುಗಳು ತಣ್ಣಗಿದ್ದವು, ಪೆಟ್ಟಿಗೆ ತಣ್ಣಗಿತ್ತು. ಬಿಲ್ಲು ಮಾತ್ರ ಬೆಚ್ಚಗಿತ್ತು, ಜ್ವರ ಬಂದವರ ಮೈ ಮುಟ್ಟಿದ ಹಾಗೆ. ನಿನ್ನ ಅಮ್ಮನನ್ನು ಕರೆದೆ. ಅವಳು ಮುಟ್ಟಿ ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ನಿನ್ನ ಅಮ್ಮ ನನ್ನನ್ನು ಬೈಯುವುದನ್ನೂ ಮರೆತಳೆಂದರೆ ನೀನೇ ಯೋಚನೆ ಮಾಡು. ಟ್ಯೂಬು ಬಿಚ್ಚಿದಾಗ ಅಂಟು ಕಲ್ಲಾಗಿ ಕೂತಿತ್ತು.

ಹತ್ತು ದಿನ ಆರಲು ಬಿಟ್ಟು, ಮೊನ್ನೆ ಶುಕ್ರವಾರ ಮಧ್ಯಾಹ್ನ ಗೋಡೆಯ ಗೂಟಕ್ಕೆ ಸಿಕ್ಕಿಸಿ ಹೆದೆ ಎಳೆದೆ. ಎರಡು ಕೊನೆಯೂ ಸಮನಾಗಿ ಬಾಗಿದವು. ಇಷ್ಟು ವರ್ಷ ನಾನು ಮಾಡಿದ ಬಿಲ್ಲುಗಳಲ್ಲಿ ಇಂಥದ್ದು ಒಂದಿಲ್ಲ, ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಪೂರ್ತಿ ಎಳೆದಾಗ ಒಂದು ಸದ್ದು ಬಂತು. ಮರ ಬಿರಿಯುವ ಸದ್ದು ನನಗೆ ಗೊತ್ತು, ಅದಲ್ಲ. ಯಾರೋ ಉಸಿರು ಒಳಗೆಳೆದುಕೊಂಡು, ಬಿಡದೆ ಹಿಡಿದುಕೊಂಡ ಸದ್ದು. ನಾನೂ ಹಾಗೇ ಹಿಡಿದು ನಿಂತೆ. ಆಗ ಒಳಮನೆಯಲ್ಲಿ ಮಲಗಿದ್ದ ನಿನ್ನ ತಾತ, ಪಟಾಕಿ ಕೇಳದ ಮನುಷ್ಯ, ಕೂಗಿ ಹೇಳಿದರು: “ಕೃಷ್ಣಾ, ನಿಮ್ಮವ್ವ ಎದ್ದವ್ಳ, ನೀರ್ ಕೊಡ್ಲಾ.” ಹೆದೆಯನ್ನು ಮೆಲ್ಲಗೆ ವಾಪಸು ಬಿಟ್ಟು, ಬಿಲ್ಲನ್ನು ಗೂಟದಿಂದ ಇಳಿಸಿದೆ. ಭಯವಾಯಿತು ಮಗಳೇ, ಸುಳ್ಳು ಯಾಕೆ ಹೇಳಲಿ.

ನಿನ್ನ ಅಮ್ಮ ಅವತ್ತೇ ಹಟ ಹಿಡಿದಳು: “ಅದು ನಿಮ್ಮವ್ವನ್ದು ಕನ್ರೀ. ಮನ್ಲಿ ಮಡ್ಗಬ್ಯಾಡಿ. ಮೊಗಿನ್ ಕೈಗಂತೂ ಕೊಡ್ಲೇಬ್ಯಾಡಿ.” ನಿನ್ನೆ ಬೆಳಿಗ್ಗೆ ಬಿಲ್ಲನ್ನು ಅಜ್ಜಿಯನ್ನು ಮಣ್ಣು ಮಾಡಿದ ಜಾಗಕ್ಕೆ ಒಯ್ದೆ. ಮುರಿದು ಅಲ್ಲೇ ಹೂತು ಬರೋಣ ಎಂದು ಮೊಣಕಾಲಿಗೆ ಕೊಟ್ಟು ಒತ್ತಿದೆ. ಬಾಗಿತು, ಮತ್ತೆ ಎದ್ದಿತು. ಮಚ್ಚು ಎತ್ತಿದೆ. ಮೇಲೆ ಹೋದ ಕೈ ಕೆಳಗೆ ಬರಲಿಲ್ಲ. ಬಿಲ್ಲನ್ನು ಬಗಲಲ್ಲಿ ಇಟ್ಟುಕೊಂಡು ಮನೆಗೆ ಬಂದು, ಸೆಲೆಕ್ಷನ್ ನೆನಪಾಯಿತು ಎಂದು ನಿನ್ನ ಅಮ್ಮನಿಗೆ ಹೇಳಿ ಮೂಲೆಗೆ ಒರಗಿಸಿದೆ. ದಾರಿಯುದ್ದಕ್ಕೂ ಅದು ಬೆಚ್ಚಗೇ ಇತ್ತು. ಬಿಸಿಲಿಗೆ ಇರಬಹುದು.

ನಿಮ್ಮ ಕಡೆಗೆ ಲಾರಿ ಹೊಡೆಯುವ ಮಹದೇವ ನಾಳೆ ಹೊರಡುತ್ತಾನಂತೆ. ಬಿಲ್ಲನ್ನೂ ಈ ಕಾಗದವನ್ನೂ ಅವನ ಕೈಯಲ್ಲಿ ಕಳಿಸುತ್ತೇನೆ. ಕಾಗದ ಓದದೆ ಹೆದೆ ಏರಿಸಬೇಡ. ಓದಿದ ಮೇಲೂ ಮನಸ್ಸು ಒಪ್ಪದಿದ್ದರೆ ಸುತ್ತಿದ ಬಟ್ಟೆ ಬಿಚ್ಚದೆ ಅವನಿಗೇ ವಾಪಸು ಕೊಡು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಹಾಸ್ಟೆಲು ಬಿಟ್ಟು ಬಂದರೂ ನೀನು ನಮ್ಮ ಮಗಳೇ. ಹೆದರಿಕೊಂಡು ಮಾತ್ರ ಎಳೆಯಬೇಡ. ಹೆದರಿದ ಕೈಯ ಬಾಣ ಎಲ್ಲಿಗೆ ಹೋಗುತ್ತದೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಬುದ್ಧನ ಕರುಣೆ ನಿನ್ನ ಮೇಲಿರಲಿ. ತಾತನೂ ಅಮ್ಮನೂ ನಿನ್ನ ತಲೆ ಸವರಿದ್ದಾರೆ ಎಂದುಕೋ.

ನಿನ್ನ ಅಪ್ಪ,
ಕೃಷ್ಣ

ವಿ.ಸೂ.: ನಾಳೆ ಎಂದಿದ್ದ ಮಹದೇವ ಈಗಲೇ ಹೊರಟು ಬಾಗಿಲಲ್ಲಿ ನಿಂತಿದ್ದಾನೆ. ಮುಚ್ಚಿಡುವ ಅಪ್ಪನಲ್ಲ ಎಂದು ಬರೆದು ಮುಚ್ಚಿಟ್ಟದ್ದು ಒಂದಿದೆ. ಆ ಬಿದಿರು ಕಡಿದಾಗ ಅಜ್ಜಿಗೆ ಇನ್ನೂ ಉಸಿರಿತ್ತು. ಸಂಜೆ ದಾಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕತ್ತಲಾದರೆ ನೆಟ್ಟಗಿನ ಬಿದಿರು ಆರಿಸಲಾಗುವುದಿಲ್ಲವೆಂದು ಮಚ್ಚು ಹಿಡಿದು ಹೋಗಿಬಿಟ್ಟೆ, ಬಡಗಿ ಬುದ್ಧಿ. ತಂದು ಜಗಲಿಗೆ ಒರಗಿಸುವಾಗ, ಮೂರು ದಿನದಿಂದ ಕಣ್ಣು ಮುಚ್ಚಿದ್ದವಳು ಕಣ್ಣು ಬಿಟ್ಟು, ಮಲಗಿದಲ್ಲಿಂದಲೇ ಬಾಗಿಲಿನಾಚೆ ನೋಡುತ್ತಿದ್ದಳು. “ಯಾರ್ಗ್ಲಾ ಬಿದ್ರು?” ಅಂದಳು. ಬಾಯಿಗೆ ಬಂದದ್ದು ಹೇಳಿದೆ: “ರಂಜಿನಿಗ ಕನವ್ವ, ಬಿಲ್ಲು ಮಾಡಕ.” ಬುಡದಿಂದ ತುದಿಯವರೆಗೆ ನೋಡಿದಳು. “ಸರ್ಯಾಗಿ ಒಣಗ್ಸು. ಆತ್ರ ಬೀಳ್ಬ್ಯಾಡ,” ಅಂದಳು. ಅದೇ ಅವಳ ಕೊನೆಯ ಮಾತು. ಅದೇ ಬಿದಿರಿನಲ್ಲಿ ಅವಳಿಗೆ ಚಟ್ಟ ಕಟ್ಟಿದೆ. ವಾಪಸು ಕೊಡು ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿ ಓದಿಕೋ. ಒಂದೇ ಒಂದು ಬಾಣ ಬಿಡು ಮಗಳೇ. ನಾನು ಅವ್ವನಿಗೆ ಸುಳ್ಳು ಹೇಳಿದ ಹಾಗಾಗದಿರಲಿ.