ಅತ್ತೆಯ ಸಡಿಲ ಹೆಣಿಗೆ

ಮನೆಯಿಂದ,
ನವೆಂಬರ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಮ್ಮನವರಿಗೆ ನಿಮ್ಮ ಹಿರಿಸೊಸೆಯ ನಮಸ್ಕಾರಗಳು.

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಮೈದುನನ ಮನೆಯಲ್ಲಿ ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಅದೊಂದು ಸಮಾಧಾನ. ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ಮರೆಯಬೇಡಿ. ಮರೆತರೂ ಮರೆತಿಲ್ಲ ಎನ್ನುವ ನಿಮ್ಮ ಅಭ್ಯಾಸ ನನಗೆ ಗೊತ್ತು. ನಿಮಗೆ ಓದಲು ಸುಲಭವಾಗಲಿ ಎಂದು ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ದೇವರು ಎಲ್ಲರನ್ನೂ ಚೆನ್ನಾಗಿಟ್ಟಿದ್ದಾನೆ. ನಿಮ್ಮ ಮಗನಿಗೆ ನೆಗಡಿ ಬಂದು ಹೋಯಿತು. ಬಂದದ್ದು ಒಬ್ಬರಿಗೆ, ಗದ್ದಲ ಮಾತ್ರ ಇಡೀ ಬೀದಿಗೆ ಬಂದಷ್ಟು.

ನೀವು ಹೊರಟ ದಿನ ಆಡಿದ ಮಾತು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. “ಕಣ್ಣೂ ಮಂಜಾಯ್ತು, ಕೈಯೂ ನಡುಗುತ್ತೆ. ಇದು ಸ್ವೆಟರ್ರೋ ಮೀನು ಹಿಡಿಯೋ ಬಲೆಯೋ ನೀನೇ ನೋಡು. ಕೆಲಸ ಇಲ್ಲದ ಮೇಲೆ ಎಲ್ಲಿ ಕೂತರೇನು” ಎಂದು ಕಡ್ಡಿಗಳನ್ನೆಲ್ಲ ನನ್ನ ಮಡಿಲಿಗೆ ಸುರಿದು ಹೋದಿರಿ. ಹದಿನೈದು ದಿನವೆಂದು ಹೋದವರು, ಮೂರು ತಿಂಗಳಾಯಿತು. ಯಾವಾಗ ಬರುತ್ತೀರಿ ಎಂದು ಫೋನಿನಲ್ಲಿ ಕೇಳಿದರೆ ಆಗ ಮಾತ್ರ ನಿಮಗೆ ಕಿವಿ ಕೇಳಿಸುವುದಿಲ್ಲ. ಬೇಡದ ಮಾತಿಗಷ್ಟೇ ಅಮ್ಮ ಕಿವುಡಿ ಎಂದು ನಿಮ್ಮ ಮಗ ಹೇಳುತ್ತಾರೆ, ನಾನಲ್ಲ. ನೀವು ಮತ್ತೆ ಕಡ್ಡಿ ಹಿಡಿಯಬೇಕು, ಮನೆಗೆ ಬರಬೇಕು. ನಿಮ್ಮನ್ನು ಸಮಾಧಾನಪಡಿಸಲು ಹೇಳುತ್ತಿಲ್ಲ, ಮುಂದೆ ಓದಿ.

ಮಹಡಿಯ ಮೇಲಿರುವ ನರ್ಸಮ್ಮ ಒಂದು ದಿನ ದಪ್ಪನೆಯ ಉಣ್ಣೆಯ ಮನೆಚಪ್ಪಲಿ ತಂದು ತೋರಿಸಿದಳು. ಅವಳ ವಾರ್ಡಿನಲ್ಲಿ ನೆಲ ಕೊರೆಯುತ್ತದೆ, ವಯಸ್ಸಾದ ರೋಗಿಗಳು ಬರಿಗಾಲಿನಲ್ಲಿ ಓಡಾಡುತ್ತಾರೆ, ಇಂಥದ್ದು ಮಾಡಿಕೊಡುವವರಿದ್ದಾರೆಯೇ ಎಂದು ಕೇಳಿದಳು. ಉಣ್ಣೆಯನ್ನು ದೊಡ್ಡದಾಗಿ ಹೆಣೆದು, ಬಿಸಿನೀರಿನಲ್ಲಿ ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಕುಗ್ಗಿ ಕಂಬಳಿಯ ಹಾಗೆ ಗಟ್ಟಿಯಾಗುತ್ತದಂತೆ. “ಅಯ್ಯೋ, ಉಣ್ಣೆಗೆ ಮೆಷಿನ್ ತೋರಿಸಿದ್ರೆ ನಮ್ಮತ್ತೆ ನನ್ನನ್ನೇ ಅದರೊಳಗೆ ಹಾಕ್ತಾರೆ” ಅಂದೆ. “ಅವರು ಊರಲ್ಲಿಲ್ವಲ್ಲ, ಹಾಕಿ ನೋಡಿ” ಅಂದಳು.

ಮೊದಲು ನಾನು ಹೆಣೆದದ್ದನ್ನೇ ಹಾಕಿದೆ. ದಿಂಬಿನ ಚೀಲದಲ್ಲಿ ಕಟ್ಟಿ ಹಾಕಬೇಕೆಂದು ಅವಳು ಹೇಳಿದ್ದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಣ್ಣೆಯ ಜೂಲೆಲ್ಲ ಹೋಗಿ ನೀರು ಹೊರಹೋಗುವ ಪೈಪಿನಲ್ಲಿ ಕಟ್ಟಿಕೊಂಡು, ಬಚ್ಚಲ ತುಂಬ ನೀರಾಯಿತು. ನಿಮ್ಮ ಮಗ ಪೈಪಿನೊಳಗೆ ಬೆರಳು ಹಾಕಿ ಒಂದು ಮುದ್ದೆ ಎಳೆದು, “ನೋಡು, ಇಲಿ ಸಿಕ್ತು” ಎಂದು ಬಾಲ ಹಿಡಿದವರ ಹಾಗೆ ಎತ್ತಿ ತೋರಿಸಿದರು. ಇಷ್ಟು ಮಾಡಿಯೂ ನನ್ನ ತುಂಡು ಕುಗ್ಗಲಿಲ್ಲ. ಮೂರು ಸಲ ಹಾಕಿದೆ, ಕುಣಿಕೆಯೊಂದೊಂದನ್ನೂ ಎಣಿಸಬಹುದು, ಹಾಗೇ ನಿಂತಿತ್ತು. ನನ್ನ ಕೈ ನಿಮಗೆ ಗೊತ್ತಲ್ಲ. “ಉಣ್ಣೆ ಮೇಲೆ ಏನೇ ನಿಂಗೆ ಅಷ್ಟು ಸಿಟ್ಟು, ಉಸಿರಾಡೋಕಾದ್ರೂ ಬಿಡು” ಎಂದು ಮದುವೆಯಾದ ವರ್ಷವೇ ಬೈದಿದ್ದಿರಿ. ನರ್ಸಮ್ಮ ಮುಟ್ಟಿ ನೋಡಿ ಅದನ್ನೇ ಹೇಳಿದಳು. ಎಳೆಗೆ ಎಳೆ ಉಜ್ಜಿ ಬೆಸೆಯಬೇಕಾದರೆ ನಡುವೆ ಜಾಗವಿರಬೇಕಂತೆ, ಹೆಣಿಗೆ ಸಡಿಲವಿರಬೇಕಂತೆ.

ಆಗ ನನಗೆ ಹೊಳೆಯಿತು. ಎಸೆದುಬಿಡು ಎಂದು ನೀವು ಹೇಳಿ ಹೋದ ಬೂದು ಬಣ್ಣದ ಸ್ವೆಟರಿನ ಬೆನ್ನಿನ ಭಾಗವನ್ನು ನಾನು ಎಸೆದಿರಲಿಲ್ಲ. ನಿಮ್ಮನ್ನು ಕೇಳದೆ ಅದನ್ನು ದಿಂಬಿನ ಚೀಲಕ್ಕೆ ಹಾಕಿ ಕಟ್ಟಿದೆ. ಅದಕ್ಕೆ ಕ್ಷಮಿಸಬೇಕು. ಕುದಿಯುವುದಕ್ಕೆ ಸ್ವಲ್ಪ ಮುಂಚಿನ ನೀರು ಹೊಯ್ದು, ಉಜ್ಜಲಿಕ್ಕೆಂದು ನಿಮ್ಮ ಮಗನ ಎರಡು ದಪ್ಪ ಪ್ಯಾಂಟು ಸೇರಿಸಿ, ಚೂರು ಸೋಪು ಹಾಕಿ ಶುರು ಮಾಡಿದೆ. ಮೆಷಿನ್ನಿನ ಸಮಯದ ಗುಂಡಿ ಕೆಟ್ಟಿದೆಯಲ್ಲ, ಪಕ್ಕದಲ್ಲಿ ಮಣೆ ಹಾಕಿಕೊಂಡು ದೇವರ ನಾಮ ಎಣಿಸುತ್ತ ಕುಳಿತೆ. ನೂರಕ್ಕೊಮ್ಮೆ ನಿಲ್ಲಿಸಿ, ಮುಚ್ಚಳ ತೆಗೆದು, ಚೀಲ ಬಿಚ್ಚಿ ಮುಟ್ಟಿ ನೋಡುವುದು. ಏಳುನೂರಕ್ಕೆ ಬಂತು ಅತ್ತೆಮ್ಮಾ! ಕೈಬಿಟ್ಟ ಕುಣಿಕೆ ಯಾವುದು, ಹಿಡಿದದ್ದು ಯಾವುದು ಎಂದು ನನಗೇ ತಿಳಿಯಲಿಲ್ಲ, ಎಲ್ಲ ಒಂದಕ್ಕೊಂದು ಕೂಡಿಕೊಂಡು ಬೆರಳು ದಪ್ಪ ಬಂದಿತ್ತು. ಒಂದು ಕಡೆ, ಹೆಬ್ಬೆರಳು ತೂರುವಷ್ಟು ದೊಡ್ಡ ತೂತಿದ್ದಲ್ಲಿ ಮಾತ್ರ ತೆಳ್ಳಗೆ ಉಳಿಯಿತು. ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ಆಮೇಲೆ ಕತ್ತರಿ. ಹೆಣೆದದ್ದಕ್ಕೆ ಕತ್ತರಿ ಹಾಕುವುದೆಂದರೆ! ಕಣ್ಣು ಮುಚ್ಚಿ ಕೈಮುಗಿದು ಕತ್ತರಿಸಿದೆ. ಒಂದು ಎಳೆಯೂ ಬಿಚ್ಚಲಿಲ್ಲ. ತೆಳ್ಳಗಿದ್ದ ಜಾಗ ಬಿಟ್ಟು ಒಂದು ಜೊತೆ ಹೊಲಿದೆ. ಆಕಾರ ಬರಲೆಂದು ಒದ್ದೆಯಿರುವಾಗಲೇ ನಿಮ್ಮ ಮಗನ ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ತೊಡಿಸಿ ಕೂರಿಸಿದೆ. ಅಷ್ಟರಲ್ಲಿ ಗ್ಯಾಸಿನವನು ಬಂದು, “ಸಾರ್, ಕಾಲಿಗೇನು ಏಟಾಯ್ತಾ?” ಎಂದು ಮರುಗಿದ. “ಇಲ್ಲಪ್ಪ, ಮದುವೆಯಾಯ್ತು” ಅಂದರು ಇವರು.

ಒಣಗಿದ ಮೇಲೆ ಚಪ್ಪಲಿ ಹೊಲಿಯುವವನಿಂದ ಅಡಿಗೆ ತೊಗಲು ಹಾಕಿಸಿದೆ. ಆ ಜೊತೆಯನ್ನು ನರ್ಸಮ್ಮ ವಾರ್ಡಿನ ಒಬ್ಬ ಅಜ್ಜನಿಗೆ ಕೊಟ್ಟಳು. ಮಲಗುವಾಗಲೂ ಬಿಚ್ಚಲು ಬಿಡುವುದಿಲ್ಲವಂತೆ. ಹೆಣೆದವರನ್ನು ದೇವರು ಚೆನ್ನಾಗಿಡಲಿ ಅಂದರಂತೆ. ಆ ಮಾತು ನಿಮ್ಮದು, ನಿಮಗೆ ತಲುಪಿಸಿದ್ದೇನೆ. ನಾನು ಸಡಿಲವಾಗಿ ಹೆಣೆಯಲು ಎಷ್ಟು ಪ್ರಯತ್ನಿಸಿದರೂ ನಾಲ್ಕು ಸಾಲಿಗೆ ಮತ್ತೆ ಬಿಗಿಯಾಗುತ್ತದೆ.

ಮೈದುನನಿಗೂ ಓರಗಿತ್ತಿಗೂ ನಾನು ಕೇಳಿದೆನೆಂದು ತಿಳಿಸಿ. ಪ್ರಾರ್ಥನೆಯಲ್ಲಿ ದಿನವೂ ನಿಮ್ಮ ಹೆಸರೇ ಮೊದಲು, ನಿಮ್ಮ ಮಗನದು ಆಮೇಲೆ. ಅವರಿಗೆ ಹೇಳಬೇಡಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ಇಂತಿ,
ನಿಮ್ಮ ಬಿಗಿಗೈಯ ಸೊಸೆ

ಲಕೋಟೆ ಅಂಟಿಸುವ ಮುಂಚೆ ಇದೊಂದು: “ಅತ್ತೆ ಇನ್ನೂ ಹೆಣೀತಾರಾ?” ಎಂದು ನರ್ಸಮ್ಮ ಕೇಳಿದಳು. “ಹೂಂ, ಹೆಣೀತಾರೆ” ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಚಳಿ ಏರುವುದರೊಳಗೆ ಇನ್ನೂ ಹತ್ತು ಜೊತೆಗೆ ನಿಮ್ಮ ಹೆಸರಿನಲ್ಲಿ ಒಪ್ಪಿಕೊಂಡಿದ್ದೇನೆ. ಶನಿವಾರ ಬೆಳಗಿನ ಬಸ್ಸಿಗೆ ನಿಮ್ಮ ಮಗ ಅಲ್ಲಿಗೆ ಬರುತ್ತಾರೆ. ತಿಳಿದೂ ತಿಳಿದೂ ಸುಳ್ಳು ಹೇಳಿದವಳಲ್ಲ ನಾನು. ಇದು ಸುಳ್ಳೋ ನಿಜವೋ ಇನ್ನೂ ಗೊತ್ತಿಲ್ಲವಾದ್ದರಿಂದ ದೇವರ ಹತ್ತಿರ ತಪ್ಪಾಯಿತು ಎಂದು ಕೇಳಿಕೊಂಡಿಲ್ಲ. ಶನಿವಾರ ಸಂಜೆಯವರೆಗೆ ಕಾಯುತ್ತೇನೆ.