ವಯಸ್ಸು ಇಪ್ಪತ್ತೆರಡು

ನಿಶೀಥ,

ಇವತ್ತು ಠಾಣೆಯ ಒಳಗೆ ಹೋಗಿದ್ದೆ. ಬಂಧಿಸಿದವರನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕೆಂದು ಮೂವತ್ತು ವರ್ಷ ಕಲ್ಕತ್ತೆಯ ಮಕ್ಕಳಿಗೆ ಪಾಠ ಹೇಳಿದೆ. ಅಷ್ಟೂ ವರ್ಷ ಈ ಠಾಣೆಯ ಬೀದಿ ತಪ್ಪಿಸಿ, ಬಳಸುದಾರಿಯಲ್ಲಿ ಶಾಲೆಗೆ ಹೋದೆ. ಎಪ್ಪತ್ತೊಂದರಲ್ಲಿ ನಕ್ಸಲನೆಂದು ಪೊಲೀಸರು ನಿನ್ನನ್ನು ಹಿಡಿದೊಯ್ದ ಮರುದಿನ, "ಠಾಣೆಗೆ ಜೊತೆಗೆ ಬಾರಪ್ಪ" ಎಂದು ನಿನ್ನ ತಾಯಿ ಕರೆದಾಗ ಜ್ವರವೆಂದಿದ್ದೆ.

ಕಳೆದ ಚಳಿಗಾಲ ಬೀದಿಯ ತುದಿಯ ಚಹಾದಂಗಡಿಯವರೆಗೆ ಹೋದೆ. ಬೇಸಿಗೆಗೆ ಠಾಣೆಯ ಎದುರಿನ ಫುಟ್‌ಪಾತ್‌ವರೆಗೆ, ದುರ್ಗಾಪೂಜೆಯ ಹೊತ್ತಿಗೆ ಮೆಟ್ಟಿಲವರೆಗೆ. ಪ್ರತಿಸಲವೂ ಹೆದರಿಕೆ ಇಳಿಯುವವರೆಗೆ ನಿಂತು ಹಿಂತಿರುಗುತ್ತಿದ್ದೆ.

ಇವತ್ತು ಬೈಗುಳಕ್ಕೆ ಸಿದ್ಧನಾಗಿದ್ದೆ. ಪೇದೆ ಹುಡುಗಿ ತನ್ನ ಅಜ್ಜನಿಗೆಂಬಂತೆ ಕುರ್ಚಿ ಎಳೆದುಕೊಟ್ಟಳು.

"ಕೂತ್ಕೊಳ್ಳಿ ದಾದು. ಯಾರು ಕಾಣೆಯಾಗಿರೋದು?"

ನಿನ್ನ ಹೆಸರು ಹೇಳಿದೆ.

"ವಯಸ್ಸು?"

"ಇಪ್ಪತ್ತೆರಡು."

"ಮೊಮ್ಮಗನಾ? ಹೆದರ್ಬೇಡಿ, ಈ ವಯಸ್ಸಿನೋರು ಹಸಿವಾದ್ರೆ ತಾವೇ ಬರ್ತಾರೆ."

ಐವತ್ತು ವರ್ಷ ಕಾದಿಟ್ಟ ಸಿಟ್ಟನ್ನು ಯಾರ ಮೇಲೆ ತೀರಿಸಲಿ? ಆಗ ಇವಳು ಹುಟ್ಟಿಯೇ ಇರಲಿಲ್ಲ. ನನ್ನ ಹೆದರಿಕೆ ಹೋಯಿತೋ, ಹೆದರಿಸುವವರು ಮುಗಿದರೋ, ಒಂದೂ ತಿಳಿಯಲಿಲ್ಲ.

"ಯಾವತ್ತಿಂದ ಕಾಣ್ತಿಲ್ಲ?"

ಇಸವಿ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು, ದಾರಿ ತಪ್ಪಿದ ಮುದುಕನನ್ನು ಕೇಳುವಂತೆ ಮೆಲ್ಲಗೆ ಕೇಳಿದಳು.

"ದಾದು, ನಿಮ್ಮನೆ ಎಲ್ಲಿ?"

"ಪಕ್ಕದ ಬೀದಿ."

"ಯಾವಾಗಿಂದ ಇದ್ದೀರಿ?"

"ಹುಟ್ಟಿದಾಗಿಂದ."